ಕೊಕ್ಕೆಯ ಎತ್ತರ

ಮೊದಲನೆಯದು ಪಕ್ಕೆಲುಬಿಗೇರಿ ಕೂತಿತು.
ಗಾಳಿ ಹಾಯಿಯನ್ನೆಳೆಯಿತು, ಹಾಯಿ ನನ್ನನ್ನು;
ಎಳೆದದ್ದು ಸೊಂಟವನ್ನಲ್ಲ, ಉಸಿರನ್ನು.
ಶಿರಿಯದ ಅಳಿವೆಯಲ್ಲಿ, ಮರಳದಿಣ್ಣೆಯ ಮಗ್ಗುಲಲ್ಲಿ
ಮೊಣಕಾಲುದ್ದ ನೀರಿಗಿಳಿದು
ಬುಟ್ಟಿಗೆ ಬಿದ್ದ ಬಂಗುಡೆಯ ಹಾಗೆ ಬಾಯಿ ತೆರೆದೆ.

"ಗಂಡಸರದ್ದೇ ಇರುವುದು ಅಕ್ಕಾ," ಎಂದ ಶ್ರೀಲೇಶ,
"ಮೀಡಿಯಂ ಎಲ್ಲರಿಗೂ ಆಗ್ತದೆ."
ಎಲ್ಲರಿಗೂ ಎಂದರೆ ಯಾರಿಗೆ, ಕೇಳಲಿಲ್ಲ.
ಮನೆಯಲ್ಲಿ ಬಿಚ್ಚಿ ನೋಡಿದರೆ
ಎದೆಯ ಕೆಳಗೆ ಅಡ್ಡಕ್ಕೆ ಒಂದು ಕೆಂಪು ಗೆರೆ:
ಸೊಸೈಟಿಯ ಲೆಡ್ಜರಿನಲ್ಲಿ ತಾಳೆಯಾಗದ ಮೊತ್ತಕ್ಕೆ
ದಿನವೂ ನಾನೇ ಎಳೆಯುವಂಥದು.

ಎರಡನೆಯದು ಕೊಚ್ಚಿಯಿಂದ ಪಾರ್ಸೆಲ್ಲಿನಲ್ಲಿ ಬಂತು.
ಕುರ್ಚಿಯ ತರಹ, ತೊಡೆಗಳ ಸುತ್ತ ಪಟ್ಟಿ,
ಕೊಕ್ಕೆ ಹೊಕ್ಕುಳಿಗಿಂತ ಎಷ್ಟೋ ತಗ್ಗಿನಲ್ಲಿ.
ತೊಟ್ಟು ದಡದಲ್ಲಿ ನಿಂತೆ. ಬಲೆ ಬಿಡಿಸುತ್ತಿದ್ದ ಅಪ್ಪಿಯಕ್ಕ
"ಎಂತದಿದು ಕಚ್ಚೆ ಮಾರಾಯ್ತಿ" ಎಂದು ನಕ್ಕಳು,
ಮತ್ತೆ ನಗು ನಿಲ್ಲಿಸಿ ಎದ್ದು ಬಂದು
ಪಟ್ಟಿಯೊಳಗೆ ಬೆರಳು ತೂರಿಸಿದಳು,
ದೋಣಿಗೆ ಕಟ್ಟಿದ ಹಗ್ಗ ನೋಡುವವಳ ಕೈಯಲ್ಲಿ.
"ಮೂರು ಬೆರಳು ಹೋಗ್ತದೆ. ಎರಡು ಸಾಕು.
ನೀರು ಕುಡಿದ ಮೇಲೆ ಇದರೊಳಗೆ ನನ್ನ ಕೈಯೇ ಹೋದೀತು."

ಹೋಯಿತು. ಸಡಿಲಾದದ್ದು ತಿರುಗಿತು,
ಕೊಕ್ಕೆ ಪಕ್ಕೆಗೆ ಬಂತು,
ಉಪ್ಪಳದ ಕಡೆ ಮುಖ ಮಾಡಿದ್ದವಳು
ಆರಿಕ್ಕಾಡಿಯ ಕಡೆ ಹೊರಟೆ.

ಈ ಸೊಂಟವನ್ನು ಅಳೆದವರು ಕಡಿಮೆಯಿಲ್ಲ.
ಹೈಸ್ಕೂಲಿನ ಲಂಗಕ್ಕೆ ಒಬ್ಬ, ಕಣ್ಣನ್ನು ಕ್ಯಾಲೆಂಡರಿನ ಮೇಲಿಟ್ಟು.
ಮದುವೆಗೆ ಮೊದಲು ಚಿನ್ನದಂಗಡಿಯವ ದಾರದಲ್ಲಿ ಅಳೆದು
ಗಂಟು ಹಾಕಿ ಜೇಬಿಗಿಳಿಸಿದ;
ಡಾಬು ಬರಲೇ ಇಲ್ಲ, ದಾರ ಅವನಲ್ಲೇ ಉಳಿಯಿತು.
ಬಾಣಂತನದಲ್ಲಿ ದೊಡ್ಡಮ್ಮ ಹಳೆಯ ಪಂಚೆ ಸುತ್ತಿ
ಮಂಡಿಯೂರಿ ಬಿಗಿಯುತ್ತಿದ್ದಳು, ಬೆವರಿ,
ಗಾಳಿ ಹೊಗಬಾರದು, ಗಾಳಿ ಹೊಗಬಾರದು ಎಂದು.
ಆ ಮಾತು ನೆನಪಾಗಿ, ನೀರ ನಡುವೆ
ನಗು ಬಂದು ಬಿದ್ದಿದ್ದೇನೆ ಒಮ್ಮೆ.
ಒಬ್ಬರೂ ಕೇಳಿರಲಿಲ್ಲ:
ತೂಗಿದರೆ, ಎಲ್ಲಿ ಹಿಡಿದರೆ ನಿನಗೆ ನೋಯುವುದಿಲ್ಲ?

ಕೇಳಿದ್ದು ಅಪ್ಪಿಯಕ್ಕ. ಮೂರನೆಯದನ್ನು
ನೀರಿಗಿಳಿಸಲು ಬಿಡಲಿಲ್ಲ.
ಬಲೆಯ ಕೊಟ್ಟಿಗೆಯ ಅಡ್ಡೆಗೆ ನೈಲಾನ್ ಹಗ್ಗ ಬಿಗಿದು
ಕೊಕ್ಕೆಗೆ ಸಿಕ್ಕಿಸಿ, "ಕಾಲೆತ್ತು" ಎಂದಳು.
ಎತ್ತಿದೆ.
ಒಣಮೀನಿನ ವಾಸನೆಯಲ್ಲಿ, ನಲವತ್ತೊಂದರ ಗುಮಾಸ್ತೆ,
ಹಣ್ಣಾಗಲು ಕಟ್ಟಿದ ಬಾಳೆಗೊನೆ.
ಮಕ್ಕಳು ಬಂದರು. ಒಬ್ಬ ಒಂದು ಸುತ್ತು ತಿರುಗಿಸಿಯೇ ಬಿಟ್ಟ.
ಹತ್ತು ನಿಮಿಷ ತೂಗಿದೆ. ಪಕ್ಕೆಲುಬು ತನ್ನ ಪಾಡಿಗಿತ್ತು.
ಬೆನ್ನಿನ ಒಳಬಾಗು, ಎಷ್ಟೋ ವರ್ಷ ಕುರ್ಚಿಗೆ ಸಿಗದ್ದು,
ಪಟ್ಟಿಯ ಬಾಗಿನಲ್ಲಿ ಹೋಗಿ ಕೂತಿತ್ತು.
ಆದರೆ ಎಡಗಡೆಯ ಸೊಂಟದ ಮೂಳೆಗೆ
ಉಕ್ಕಿನ ಸಲಾಕೆಯ ತುದಿ ತಾಗುತ್ತಲೇ ಇತ್ತು.
ಸಲಾಕೆ ನನಗಿಂತ ಅಗಲ.

ಎರಡಿಂಚು ಗಿಡ್ಡದ್ದು ತರಿಸಿದೆ.
ಬಂದ್ಯೋಡಿನಲ್ಲಿ ರಮ್ಲತ್ ಪಟ್ಟಿಯನ್ನು ಮಡಚಿ ಹೊಲಿದಳು,
ಜೀನ್ಸಿನ ಸೂಜಿ ಎರಡು ಮುರಿದವು.
ಎಷ್ಟಾಯಿತು ಎಂದರೆ, ತಲೆಯೆತ್ತದೆ,
"ಸೂಜಿಯ ದುಡ್ಡು ಕೊಡು.
ಹೊಲಿಗೆಗೆ, ಒಂದು ದಿನ ನನ್ನನ್ನೂ ತೂಗು."

ಸುಗ್ಗಿ ತಿಂಗಳು. ಮೂರು ಗಂಟೆಯ ಪಡುಗಾಳಿ.
ಅಡ್ಡಕೋಲಿನ ಕುಣಿಕೆ ಕೊಕ್ಕೆಗೆ ಬಿತ್ತು,
ಒರಗಿದೆ.
ಭಾರವೆಲ್ಲ ತೋಳಿನಿಂದ ಇಳಿದು ಇಳಿದು
ತಾನಿರಬೇಕಾದಲ್ಲಿಗೆ ಬಂತು.
ಕೈಗಳಿಗೆ ಮಾಡಲು ಕೆಲಸವಿಲ್ಲ.
ಅಂಥ ಹೊತ್ತು ಅವು ಕಂಡದ್ದಿಲ್ಲ, ಗಲಿಬಿಲಿಗೊಂಡವು;
ಒಂದು ಮೂಗು ತುರಿಸಿತು.

ದಡದಿಂದ ಅಪ್ಪಿಯಕ್ಕ ಕೈಯೆತ್ತಿ ಕೇಳಿದಳು: ಎಷ್ಟು?
ಕೋಲು ಬಿಟ್ಟು ಎರಡು ಬೆರಳು ತೋರಿಸಿದೆ.
ಅಷ್ಟರಲ್ಲಿ ಗಾಳಿ ಜಾರಿ, ಹಾಯಿಯೂ ನಾನೂ
ಮಗುಚಿ ಉಪ್ಪುನೀರು ಕುಡಿದೆವು.

ಎದ್ದು, ಕೆಮ್ಮಿ,
ಮೊದಲು ಪಟ್ಟಿಯೊಳಗೆ ಕೈಯಿಟ್ಟು ನೋಡಿದೆ.
ನೀರು ಕುಡಿದ ಮೇಲೂ
ಎರಡೇ.