ಕೀಲಿ ಗಡಿಯಾರ

ಮೂರು ವರ್ಷದಾಗ ಮೂರು ಸೆಲ್ಲಿನ ಗಡಿಯಾರ ತಿಂದೈತಿ
ನನ್ನ ಗಿರಣಿ.
ಒಂದು ಹಿಟ್ಟು ನುಂಗಿ ಉಸಿರು ಕಟ್ಟಿ ನಿಂತಿತು,
ಒಂದರ ಗಾಜು ಗೋಧಿ ಡಬ್ಬಿಗೆ ತಾಗಿ ಚೂರಾತು,
ಮೂರನೇದಕ್ಕ ಏನಾತೋ ನನಗೂ ಗೊತ್ತಿಲ್ಲ,
ಉಗಾದಿ ಹಿಂದಿನ ದಿನ ಹತ್ತೂ ಇಪ್ಪತ್ತಕ್ಕ ನಿಂತದ್ದು
ಹೊಸಾ ಸೆಲ್ ಹಾಕಿದರೂ ಏಳಲಿಲ್ಲ.

ಮೊಬೈಲ್ ನೋಡಬಾರದೇನು ಅಂತಾಳ ನಾದಿನಿ ಕಸ್ತೂರೆವ್ವ.
ಜ್ವಾಳದ ಹಿಟ್ಟಿನ ಕೈಲೆ ಮುಟ್ಟಿದರ
ಅದು ನನ್ನ ಬೆರಳ ಗುರುತ ಹಿಡಿಯೂದಿಲ್ಲ.
ಮತ್ತ ಬೆಟಗೇರಿಯ ಈ ಓಣ್ಯಾಗ
ಮಗ್ಗದಿಂದ ಎದ್ದು ಬರೂ ಹೆಣ್ಣಮಕ್ಕಳೆಲ್ಲ
ಪುಟ್ಟಿ ಇಳಿಸೂಕಿಂತ ಮೊದಲ ಕೇಳೂದು ಒಂದ:
"ಎಷ್ಟಾತು ಯಕ್ಕಾ?"

ಹಂಗಾಗಿ ಒಂದ ಸೋಮವಾರ, ಕರೆಂಟ್ ಇಲ್ಲದ ದಿನ,
ಎರಡ ಸಾವಿರದ ಮುನ್ನೂರು ರೂಪಾಯಿ, ಬರೇ ಸಣ್ಣ ನೋಟು,
ಕರವಸ್ತ್ರದಾಗ ಗಂಟ ಕಟಗೊಂಡು
ಟಾಂಗಾಕೂಟದ ಹತ್ತರ ಮಕ್ತುಂಸಾಬನ ಅಂಗಡಿಗೆ ಹ್ವಾದೆ.
ಅಂಗಡಿ ಅಂದರ ಏನು, ಎರಡು ಮೊಳದ ಗೂಡು.
ಒಂದ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು
ಇನ್ನೊಂದ ಕಣ್ಣಿಲೆ ನನ್ನ ನೋಡಿದ.

ನಾ ಕೈ ಮಾಡಿದ್ದು ನೀಲಿ ಮುಖದ್ದಕ್ಕ.
ಫಳಫಳ ಅಂತಿತ್ತು, ಮದಿಮಗನಂಗ.
"ಅದು ಬ್ಯಾಡ" ಅಂದ, ಮಾರೂ ಮನಷ್ಯಾ.
"ಹಳೇ ಮಷೀನಿಗೆ ಹೊಸಾ ಬಣ್ಣ ಬಳದಾರ.
ಮುಳ್ಳು ಒಂದ ಊರಿಂದು, ಗಾಲಿ ಒಂದ ಊರಿಂದು,
ಒಳಗ ಒಬ್ಬರ ಮಾತು ಒಬ್ಬರಿಗೆ ತಿಳಿಯೂದಿಲ್ಲ."

ಆಮ್ಯಾಲ ಕೇಳಿದ:
ಏನ ಕೆಲಸ? ಯಾವ ಕೈಯಿ? ಬೆವರು ಬಾಳ ಬರತೈತೇನು?
ಭಾಂಡೆ ತಿಕ್ಕೂವಾಗ ಬಿಚ್ಚತೀಯೋ, ಹಂಗ ಇರತೀಯೋ?
ಹೆಣ್ಣ ನೋಡಾಕ ಬಂದವರೂ ನನ್ನ
ಇಷ್ಟ ಕೇಳಿರಲಿಲ್ಲ.

ಕಡೀಕೆ ತಗಡಿನ ಡಬ್ಬಿಯಿಂದ ತಗದದ್ದು
ಬೂದಿ ಬಣ್ಣದ, ಯಾರೂ ತಿರುಗಿ ನೋಡದ ಒಂದ ಎಚ್ಚೆಮ್ಟಿ.
"ಗಾಜಲ್ಲ ಇದು, ಪ್ಲಾಸ್ಟಿಕ್ಕು. ಗೀರು ಬೀಳತಾವು, ಚೂರಾಗೂದಿಲ್ಲ.
ಬಿದ್ದರ ಹಲ್ಲಿಗೆ ಹಚ್ಚೂ ಪೇಸ್ಟ್ ಹಚ್ಚಿ ತಿಕ್ಕು.
ತೊಗಲಿನ ಪಟ್ಟಾ ಬ್ಯಾಡ, ನಿನ್ನ ಬೆವರಿಗೆ ಕೊಳೀತೈತಿ,
ನೈಲಾನಿಂದು ತಗೋ, ಅರಿವಿ ಜೋಡಿ ಒಗಿ."
ಹಿಂದಿನ ಮುಚ್ಚಳ ತಗದು ತೋರಿಸಿದ.
ಒಳಗೊಂದು ಸಣ್ಣ ಗಾಲಿ, ಹೋಗಿ ಬಂದು ಹೋಗಿ ಬಂದು,
ಹಾಲ ಕುಡಿಯೂ ಕೂಸಿನ ನೆತ್ತಿಯಂಗ.

"ಕೆಟ್ಟರ?" ಅಂದೆ.
ಡ್ರಾ ಎಳದ. ತುಂಬ ಸತ್ತ ಗಡಿಯಾರ.
"ಇವೆಲ್ಲಾ ಇದರ ಬಳಗ. ಬೇಕಾದ್ದು ಬಿಚ್ಚಿ ಹಾಕತೀನಿ.
ನಾ ಇರೂತನಕ ಚಿಂತಿಲ್ಲ."
ತಾ ಅಂದದ್ದು ತನಗೂ ಕೇಳಿಸಿರಬೇಕು,
ಸ್ವಲ್ಪ ಹೊತ್ತು ಡ್ರಾ ಮುಚ್ಚಲಿಲ್ಲ.

ಹದಿನೆಂಟ ನೂರಕ್ಕ ಆತು. ಉಳಿದದ್ದರಾಗ
ಗಿರಣಿಗೆ ಒಂದ ಬೆಲ್ಟ್ ಬಂತು.

ಮುಂಜಾನೆ ಬಟನ್ ಒತ್ತೂಕಿಂತ ಮೊದಲ ಕೀಲಿ ಕೊಡತೀನಿ.
ಹೊಟ್ಟಿ ತುಂಬಿದ್ದು ಅದ ಹೇಳತೈತಿ, ಬೆರಳಿಗೆ.
ಮುಂದ ಒತ್ತಾಯ ಮಾಡಬಾರದು, ಬೀಗರಿಗೆ ಮಾಡಿದಂಗ.

ಶ್ರಾವಣದಾಗ ಅದಕ್ಕ ಏನೋ ಹತ್ತಿತು.
ದಿನಕ್ಕ ಅರ್ಧ ತಾಸು ಮುಂದ ಓಡಾಕ ಹತ್ತಿತು.
ಸಾಲಿ ಹುಡುಗರು ನನ್ನ ಮಾತು ನಂಬಿ
ಗೇಟ್ ತಗಿಯೂ ಮೊದಲ ಹೋಗಿ ಕಟ್ಟಿ ಮ್ಯಾಲ ಕುಂತವು.
ಮಕ್ತುಂಸಾಬ ದಿಕ್ಸೂಚಿ ಹತ್ತರ ಇಟ್ಟ,
ಅದರ ಮುಳ್ಳು ಗರಕ್ಕನ ತಿರುಗಿತು.
"ಅಯಸ್ಕಾಂತ. ನಿನ್ನ ಮೋಟಾರಿನ ಗಾಳಿ ಹತ್ತೈತಿ ನೋಡು."
ತಂತಿ ಸುರುಳಿ ಮ್ಯಾಲ ಹಿಡದು ಮೆಲ್ಲಕ ಎತ್ತಿದ,
ಕೂಸಿಗೆ ದೃಷ್ಟಿ ತಗದಂಗ,
ರೊಕ್ಕ ತಗೊಳ್ಳಲಿಲ್ಲ.
"ಬಲಗೈಗೆ ಕಟಗೋ. ಮೋಟಾರು ನಿನ್ನ ಎಡಕ್ಕ ಐತಿ."
ಎಂದೂ ಬಂದು ನೋಡಿದವನಲ್ಲ ಅವ, ನನ್ನ ಗಿರಣಿ.

ಈಗ ಬಲಗೈ. ಒಂದ ನಿಮಿಷ ಹಿಂದ ಮುಂದ, ಇರಲಿ,
ಓಣಿ ಅಷ್ಟಕ್ಕ ಜಗಳಾ ಆಡೂದಿಲ್ಲ.
ರಾತ್ರಿ ಬಿಚ್ಚಿ ಇಡೂವಾಗ ನೋಡತೀನಿ:
ಬೆರಳಿಂದ ಮೊಣಕೈತನಕ ಬೆಳ್ಳಗ, ಹಿಟ್ಟು,
ಗಡಿಯಾರದ ಕೆಳಗ ಮಾತ್ರ
ರೂಪಾಯಿ ಅಗಲದಷ್ಟು
ನನ್ನ ಬಣ್ಣ.