ತೇವಮಾಪಕ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ
ಮಟನ್ ಅಂಗಡಿಗೂ ಟೈಲರ್‌ಗೂ ನಡುವೆ ಸಿಕ್ಕಿಕೊಂಡ
ನನ್ನ ಎಂಟಡಿ ಅಂಗಡಿಗೆ
ಕಾಫಿ ಖರೀದಿಯ ರೈಟರ್ ರುದ್ರೇಶ ಬಂದ,
ಕಂಕುಳಲ್ಲಿ ಟವೆಲು ಸುತ್ತಿದ ತೇವಮಾಪಕ.

"ಮಾಯಿಶ್ಚರ್ ಮೀಟರಿಗೇ ಮಾಯಿಶ್ಚರ್ ಹೊಡೆದಿದೆ, ಸೆವ್ರಿನಕ್ಕ."
ಅವನು ನಗಲಿಲ್ಲ.
ನಾನು ನಕ್ಕೆ, ಅವನ ಪಾಲಿಂದೂ ಸೇರಿಸಿ.

ಬೆಳಿಗ್ಗೆ ಒಂಬತ್ತಕ್ಕೆ ಹದಿಮೂರೂವರೆ.
ಅದೇ ಬೀಜ, ಅದೇ ಬಟ್ಟಲು,
ಮಧ್ಯಾಹ್ನ ಎರಡಕ್ಕೆ ಹನ್ನೊಂದು.
ಮೊನ್ನೆ ಮಂಜು ಕವಿದ ದಿನ ಎಂಬತ್ತೆಂಟು ತೋರಿಸಿತಂತೆ.
ಅದು ಕಾಫಿಯಲ್ಲ ಮಾರಾಯ, ಹೇಮಾವತಿ.

ನಾಲ್ಕು ತಿರುಪು. ಮೂರು ಬಿಚ್ಚಿಕೊಂಡವು,
ನಾಲ್ಕನೆಯದರ ತಲೆಯನ್ನು ತುಕ್ಕು ತಿಂದಿತ್ತು.
ಡ್ರಿಲ್ ಹಾಕಿ ಕೊಂದೆ.
ಒಳಗೆ ಇರುವೆ ಮೊಟ್ಟೆ, ಒಣಗಿದ ಹಲ್ಲಿಮರಿ,
ಬ್ಯಾಟರಿ ಕಾರಿದ ಬಿಳಿ ಉಪ್ಪು,
ಆಮೇಲೆ, ಬೋರ್ಡಿನ ಅಂಚಿಗೆ,
ಕಿಲುಬು.

ಈ ಬಣ್ಣ ನನಗೆ ಚಿಕ್ಕಂದಿನಿಂದ ಗೊತ್ತು.
ಅಪ್ಪ ಎಸ್ಟೇಟಿನಲ್ಲಿ ಬೋರ್ಡೋ ಹೊಡೆಯುತ್ತಿದ್ದರು,
ಡ್ರಮ್ಮಿನಲ್ಲಿ ಮೈಲುತುತ್ತ ಕದಡಿ, ಸುಣ್ಣದ ತಿಳಿ ಬೆರೆಸಿ.
ಸಂಜೆ ಅಂಗೈ, ರೆಪ್ಪೆ, ಅಂಗಿಯ ಕಾಲರು
ಎಲ್ಲ ಇದೇ ನೀಲಿಹಸಿರು.
ಅಲ್ಲಿ ಎಲೆಗೆ ರೋಗ ಬರದಂತೆ ಕಾದ ತಾಮ್ರ.
ಇಲ್ಲಿ ತಾಮ್ರಕ್ಕೇ ರೋಗ.

ಭೂತಗನ್ನಡಿ ಹಿಡಿದೆ.
ಎರಡು ಗೆರೆಗಳ ನಡುವಿನ ಕೂದಲೆಳೆ ಜಾಗದಲ್ಲಿ
ಜರೀಗಿಡವೊಂದು ಎದ್ದಿತ್ತು, ಲೋಹದ್ದು.
ಮಣ್ಣಿಲ್ಲ, ಬೀಜವಿಲ್ಲ.
ಈ ದಡಕ್ಕೆ ಐದು ವೋಲ್ಟು, ಆ ದಡಕ್ಕೆ ಸೊನ್ನೆ,
ನಡುವೆ ಕಣ್ಣಿಗೆ ಕಾಣದಷ್ಟು ತೆಳು ನೀರು.
ಬೆಸುಗೆಯ ತವರ ಆ ನೀರಿನಲ್ಲಿ ಕರಗಿ
ಈಜಿ ಆಚೆ ಸೇರಿ
ಅಲ್ಲಿಂದ ಎಸಳು ಎಸಳಾಗಿ ಹಿಂದಕ್ಕೆ ಕೈಚಾಚಿತ್ತು
ತವರಿಗೆ.
ಮುಟ್ಟಿದ ದಿನ ಶಾರ್ಟು.
ಇನ್ನೂ ಮುಟ್ಟಿರಲಿಲ್ಲ. ಥಂಡಿ ಹೊತ್ತಿನಲ್ಲಿ ಮಾತ್ರ
ಸ್ವಲ್ಪ ಸೋರಿಕೆ.

ಸುಳ್ಳಂತೂ ಅಲ್ಲ ಅದು.
ಮೀಟರು ಹೇಳುತ್ತಿದ್ದುದು ತೇವವನ್ನೇ,
ಯಾರದೆಂದು ಮಾತ್ರ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಸ್ಪಿರಿಟ್ಟು, ಹಳೆಯ ಟೂತ್‌ಬ್ರಷ್ಷು ತೆಗೆದೆ.
ರುದ್ರೇಶ ಸ್ಟೂಲನ್ನು ಹತ್ತಿರಕ್ಕೆ ಎಳೆದ.
"ಅಕ್ಕಾ, ಪೂರ್ತಿ ಸರಿ ಮಾಡ್ಬೇಡಿ.
ಅರ್ಧ ಪರ್ಸೆಂಟು ಮೇಲೇ ಇರ್ಲಿ ಅಂದಿದಾರೆ ಸಾಹುಕಾರ್ರು."

ಅರ್ಧ ಪರ್ಸೆಂಟು. ಐವತ್ತು ಕೇಜಿ ಮೂಟೆಗೆ ಕಾಲು ಕೇಜಿ.
ರೇಟು ಏರಲೆಂದು ಆಗಸ್ಟಿನವರೆಗೆ ಕಾದು
ಗೋಣೀಬೀಡಿನಿಂದ ಪಿಕಪ್ಪಿನಲ್ಲಿ ಐದು ಮೂಟೆ ಚೆರ್ರಿ ತರುವವರು
ಪರದೆಯ ಅಂಕಿ ನೋಡಿ
"ಮಿಷಿನ್ನೇ ಹೇಳ್ತಲ್ಲ" ಎಂದು ದುಡ್ಡೆಣಿಸಿಕೊಂಡು ಹೋಗುತ್ತಾರೆ.
ಒಂದು ಬೀಜ ಕಚ್ಚಿದರೆ ಹದ ಹೇಳಬಲ್ಲವರು.
ಹಲ್ಲನ್ನು ನಂಬುವುದು ಬಿಟ್ಟು ಎಷ್ಟೋ ವರ್ಷವಾಯಿತು.

ನಾನೇನೂ ಹೇಳಲಿಲ್ಲ. ಉಜ್ಜಿದೆ.
ಜರೀಗಿಡ ಒಂದೇ ಎಳೆತಕ್ಕೆ ಹೋಯಿತು,
ಬ್ರಷ್ಷಿನ ತುದಿಯಲ್ಲಿ ಚಿಟಿಕೆ ಬೂದಿ.
ಅರವತ್ತು ವಾಟಿನ ಬಲ್ಬಿನ ಕೆಳಗೆ ಒಂದು ಗಂಟೆ ಒಣಗಿಸಿ
ನೋಡುತ್ತೇನೆ, ಲ್ಯಾಕರ್ ಡಬ್ಬಿ ಖಾಲಿ.
ಚೀಲದಲ್ಲಿ ಮಗಳು ಜೆನಿಟಾಳ ಉಗುರುಬಣ್ಣವಿತ್ತು,
ದಾಳಿಂಬೆ ಕೆಂಪು. ಬೈಯುತ್ತಾಳೆ.
ಬೈಯಲಿ. ಗೆರೆಗೆರೆಗೂ ಬಳಿದೆ.

ಹಿಂಬದಿಯಲ್ಲಿ ಸಾಸಿವೆಯಷ್ಟು ತಿರುಪೊಂದಿದೆ,
ತಿರುಗಿಸಿದರೆ ಅಂಕಿ ಅತ್ತಿತ್ತ ಹೋಗುತ್ತದೆ.
ಅಳತೆ ಗೊತ್ತಿದ್ದ ಬೀಜ ಸುರಿದೆ,
ಸರಿಯಾಗಿ ಹನ್ನೊಂದಕ್ಕೆ ನಿಲ್ಲಿಸಿದೆ,
ತಿರುಪಿನ ತಲೆಯ ಮೇಲೆ ದಪ್ಪಗೆ ಒಂದು ಹನಿ ಕೆಂಪು.

"ಅಲ್ಲಿಗ್ಯಾಕಕ್ಕ ಬಣ್ಣ?"
"ನೀರು ಇಳೀಬಾರ್ದಲ್ಲ."

ಒಣಗುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತೆವು.
ಅವನಿಗೆ ಗೊತ್ತಾಯಿತೋ ಏನೋ.
ಮುನ್ನೂರೈವತ್ತು ಕೊಟ್ಟ, ಚೌಕಾಸಿ ಮಾಡಲಿಲ್ಲ.
ನೋಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.
ಬಿಡಿಸಿ ಬಲ್ಬಿನ ಕೆಳಗೆ ಹರಡಿದೆ.