ತಾರಿ ಲೆಕ್ಕ

ಬರೆದುಕೊಳ್ಳಿ ಕಾರಕೂನರೇ. ಕೋಡಿಬಾಗದ ತಾರಿ,
ಗುತ್ತಿಗೆ ಬೊಮ್ಮಯ್ಯ ದುರ್ಗಯ್ಯ ಅಂಬಿಗನದು.
ಆಳಿಗೆ ಎರಡು ಕಾಸು, ಎಮ್ಮೆಗೆ ಆರು,
ಹೆಣಕ್ಕೆ ಬಿಟ್ಟಿ.
ಮೂವತ್ತೆಂಟು ವರ್ಷದ ಲೆಕ್ಕದಲ್ಲಿ
ಒಂದು ಖೇಪು ಮಾತ್ರ ಯಾವ ವಹಿಯಲ್ಲೂ ಇಲ್ಲ.
ಇವತ್ತು ಹೇಳುತ್ತೇನೆ, ಮಸಿ ಇನ್ನೂ ಇದೆಯಷ್ಟೆ?

ಕಾರ್ತಿಕದ ಕತ್ತಲ ಪಕ್ಷ.
ನನಗೆ ಮದುವೆಯಾಗಿ ಎರಡು ತಿಂಗಳು,
ಹುಟ್ಟು ಹಾಕಿದರೆ ಕಾಳಿ ಹೊಳೆಯೇ ಬಾಗಬೇಕು,
ಅಂಥ ಪ್ರಾಯ.
ಸದಾಶಿವಗಡದ ಬಂಡೆಯ ಬುಡದಲ್ಲಿ
ಯಾರೋ ಉಸಿರು ಬಿಗಿಹಿಡಿದಿದ್ದರು.
ಹಿಡಿದ ಉಸಿರಿಗೂ ಒಂದು ಸದ್ದಿರುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ.

ಹೆಂಗಸು. ಗೋವೆಯ ಕಡೆಯ ಭಾಟಕಾರನ ತೋಟದಿಂದ
ನಡೆದು ಬಂದವಳು, ಹಡಗಿನಲ್ಲಿ ತಂದು ಮಾರಿದ ಮೈ.
ಭುಜದ ಮೇಲೆ ಎರಡು ಅಕ್ಷರ ಸುಟ್ಟಿದ್ದರು.
ಎತ್ತಿಗೂ ನಾವು ಅಷ್ಟು ಆಳಕ್ಕೆ ಬರೆ ಹಾಕುವುದಿಲ್ಲ.
ನನ್ನ ಮಾತು ಅವಳಿಗೆ ಬಾರದು, ಅವಳದು ನನಗೆ.
ಕೊಂಕಣಿಯ ಒಂದೇ ಶಬ್ದ ಕಲಿತು ತಂದಿದ್ದಳು:
ಪಲ್ತಡಿ.
ಆಚೆ ದಡ.

ಸಾಗಾಣಿಕೆ ಎಂದು ಕೈ ಚಾಚಿದೆ.
ಸೆರಗಿನಿಂದ ತೆಗೆದು ಕೊಟ್ಟಳು, ಒಂದು ತೆಂಗಿನಕಾಯಿ.

ಆ ತೋಟದಲ್ಲಿ ಒಂದು ಕಾಯಿ ಕಡಿಮೆ ಬಂದರೆ
ಹುಣಸೆ ಬರಲಿನಿಂದ ಇಪ್ಪತ್ತು ಏಟು.
ಏಟು ತಿನ್ನುವವರೇ ಗಟ್ಟಿಯಾಗಿ ಎಣಿಸಬೇಕು,
ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.
ಇದು ಆಮೇಲೆ ಉಪ್ಪಿನ ಹೇರಿನವನು ಹೇಳಿದ್ದು.
ಆ ರಾತ್ರಿ ನನಗೆ ತಿಳಿದದ್ದು ಕಾಯಿಯ ತೂಕ ಅಷ್ಟೇ.

ಹೊಳೆಯ ನಡುವೆ ಮಂಜು ಕವಿಯಿತು.
ಅವಳು ಬೊಗಸೆಯಲ್ಲಿ ನೀರೆತ್ತಿ ಕುತ್ತಿಗೆಗೆ ಹಾಕಿಕೊಂಡಳು,
ಕಬ್ಬಿಣದ ಬಳೆ ತಿಂದ ಜಾಗಕ್ಕೆ.
ಅಳಿವೆಯ ಉಪ್ಪುನೀರು. ಹಲ್ಲು ಕಚ್ಚಿದ ಸದ್ದು ಕೇಳಿತು.
ಚಿತ್ತಾಕುಲದ ಧಕ್ಕೆಯಲ್ಲಿ ವಾರದಿಂದ ಡಂಗುರವಿತ್ತು:
ಓಡಿಬಂದವರನ್ನು ಹಿಡಿದುಕೊಟ್ಟರೆ ಐದು ಅಶ್ರಫಿ.

ಇಳಿತ ಎಳೆಯಿತು ಎನ್ನಬಹುದು ನಾನು.
ಗಾಳಿ ತಿರುಗಿತು ಎನ್ನಬಹುದು.
ಅದು ನೀರು ನಿಂತ ಹೊತ್ತು, ಕಾರಕೂನರೇ.
ದೋಣಿ ತಾನಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ.

ಮಂಜಿನಲ್ಲಿ ತಿರುವು ಅವಳಿಗೆ ತಿಳಿಯಲಿಲ್ಲ.
ತಳಕ್ಕೆ ಮರಳು ತಾಗಿದಾಗ ಕೇಳಿದಳು,
ಪಲ್ತಡಿ?
ಹೌದು ಅಂದೆ.

ಮೊದಲು ಅವಳೇ ಹಾರಿ ಇಳಿದಳು. ನಗುತ್ತಿದ್ದಳೇನೋ.
ಸೂಡಿ ಹೊತ್ತಿಸಿದವರು ಮೂವರಿದ್ದರು.

ಕಾಯಿಯನ್ನು ಮರುದಿನ ಒಡೆದೆವು.
ಹೆಂಡತಿ ಬಂಗಡೆಗೆ ಅರೆದು ಹಾಕಿದಳು.
ರುಚಿಯಾಗಿತ್ತು. ಸುಳ್ಳು ಯಾಕೆ ಹೇಳಲಿ?
ಅಶ್ರಫಿಯಲ್ಲಿ ಮೂಗುತಿ ಬಂತು, ಹೊಸ ಹಾಯಿ ಬಂತು.
ಆ ಹಾಯಿ ಮಾತ್ರ, ಯಾಕೋ,
ಯಾವ ಗಾಳಿಗೂ ತುಂಬಿಕೊಳ್ಳಲಿಲ್ಲ ಅಂತ ನನ್ನ ಅಪ್ಪ ಹೇಳುತ್ತಿದ್ದ.
ನನಗೆ ಹಾಗೇನೂ ಕಾಣಲಿಲ್ಲ. ಚೆನ್ನಾಗಿಯೇ ಓಡಿತು.

ಏಳು ವರ್ಷದ ಮೇಲೆ ಅದೇ ಬಂಡೆಯ ಬುಡದಲ್ಲಿ ಒಬ್ಬ ಗಂಡಸು.
ಅದೇ ಭುಜ, ಅವೇ ಎರಡು ಅಕ್ಷರ.
ಅವನು ಶಬ್ದ ಕಲಿತಿರಲಿಲ್ಲ, ಕತ್ತಿ ತಂದಿದ್ದ,
ತೆಂಗಿನ ಗೊನೆ ಕಡಿಯುವಂಥದ್ದು.
ಕೋಡಿಬಾಗ ಬೇಡ, ಮೇಲಕ್ಕೆ, ಎಂದು ಸನ್ನೆ ಮಾಡಿದ.
ರಾತ್ರಿಯಿಡೀ ಭರತಕ್ಕೆ ಕಾದು, ಇಳಿತಕ್ಕೆ ಎದುರು ಹುಟ್ಟು ಹಾಕಿ
ಕದ್ರಾದ ಕಾಡಿನವರೆಗೆ ಒಯ್ದೆ.
ಆ ಹನ್ನೆರಡು ಹರಿದಾರಿಯಷ್ಟು ಉದ್ದದ ರಾತ್ರಿ
ಕತ್ತಿಯ ತುದಿ ನನ್ನ ಬೆನ್ನುಮೂಳೆಯ ಮೇಲೇ ಇತ್ತು.
ಒಳ್ಳೆಯದನ್ನೇ ಮಾಡಿದ.
ಅಂಬಿಗನನ್ನು ಹೇಗೆ ನಂಬಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು.

ಇಳಿದು, ಎಷ್ಟು ಎಂದು ಬೆರಳು ತೋರಿಸಿದ.
ಸಂದಿದೆ ಅಂದೆ. ಅರ್ಥವಾಗಲಿಲ್ಲ.
ಮುಖ ನನ್ನತ್ತಲೇ ಇಟ್ಟು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ
ಕಾಡಿಗೆ ಹೋದ. ಬೆನ್ನು ತೋರಿಸಲಿಲ್ಲ.

ಯಾಕೆ ನಿಲ್ಲಿಸಿದಿರಿ? ಬರೆಯಿರಿ.
ಕಾರ್ತಿಕ ಬಹುಳ, ಸದಾಶಿವಗಡದಿಂದ ಹೆಂಗಸು ಒಬ್ಬಳು,
ಹೆಸರು ಕೇಳಿಲ್ಲ.
ತೆಂಗಿನಕಾಯಿ ಒಂದು, ಜಮೆ.
ಪಲ್ತಡಿ, ಬಾಕಿ.